ಹಿನ್ನೀರಿಗೂ ಮೊದಲು ಇಲ್ಲಿ ಊರಿತ್ತು

ಭಾನುವಾರ ನಮ್ಮ ಕನ್ನಡದವರೆಲ್ಲ ಅಮೆರಿಕದ ಜಾರ್ಜಿಯಾ ರಾಜ್ಯದ ಲೇಕ್ ಲೇನಿಯರ್ ಕೆರೆಯ ದಡದಲ್ಲಿ ಚಿತ್ರಾನ್ನ, ಮೊಸರನ್ನ ಹಂಚಿಕೊಂಡು ಕುಳಿತಿದ್ದೆವು. ಅಲ್ಲೇ ಹತ್ತಿರ ಮನೆ ನೋಡುತ್ತಿರುವ ಒಬ್ಬರು ಏಜೆಂಟ್ ಹೇಳಿದ್ದನ್ನು ಒಪ್ಪಿಸಿದರು: “ಕೆರೆ ಬರುವ ಮೊದಲು ಇಲ್ಲಿ ಏನೂ ಇರಲಿಲ್ಲವಂತೆ, ಬರೀ ಕಾಡಂತೆ.” ಉಳಿದವರು ಹೌದೌದು ಎಂದರು. ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮಕ್ಕಳ ಮುಂದೆ ಜಗಳ ಬೇಡವೆಂದು ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲಾರೆ.

ಏನೂ ಇರಲಿಲ್ಲವೇ? ಆ ದಡಕ್ಕೆ ಹತ್ತಿರದಲ್ಲೇ ಫ್ಲವರಿ ಬ್ರಾಂಚ್ ಪೇಟೆ ಇದೆ. ಅಟ್ಲಾಂಟಾದಿಂದ ಷಾರ್ಲೆಟ್‌ವರೆಗಿನ ರೈಲು ಹಳಿ ಪೂರ್ತಿಯಾದದ್ದು 1873ರಲ್ಲಿ. ಮರುವರ್ಷವೇ ಈ ಊರು ಪಟ್ಟಣವೆಂದು ದಾಖಲಾಯಿತು. ಸುತ್ತಲಿನ ರೈತರು ಬೆಳೆದ ಹತ್ತಿ ಇಲ್ಲಿ ರೈಲು ಹತ್ತುತ್ತಿತ್ತು. ಚರ್ಮ ಹದಮಾಡುವವರು ಬಂದರು, ಪೀಠೋಪಕರಣದ ಕಾರ್ಖಾನೆ ಬಂತು. ಹಳಿಯ ಪಕ್ಕದಲ್ಲಿ ಹಳೆಯ ನಿಲ್ದಾಣದ ಕಟ್ಟಡ ಇವತ್ತಿಗೂ ಇದೆ. ನ್ಯೂಯಾರ್ಕ್–ನ್ಯೂ ಆರ್ಲಿಯನ್ಸ್ ರೈಲು ಈಗಲೂ ಅದೇ ದಾರಿಯಲ್ಲಿ ಓಡುತ್ತದೆ, ಈ ಊರಿನಲ್ಲಿ ಮಾತ್ರ ನಿಲ್ಲುವುದಿಲ್ಲ.

ಹಳಿ ಹಾಕಿದವರು ಎತ್ತರದ ದಿಣ್ಣೆಯ ನೆತ್ತಿ ಹಿಡಿದು ಹೊರಟಿದ್ದರು. ಆದ್ದರಿಂದಲೇ ಫ್ಲವರಿ ಬ್ರಾಂಚ್ ಮುಳುಗಲಿಲ್ಲ. ಮುಳುಗಿದ್ದು ಕೆಳಗೆ ಚಟ್ಟಹೂಚಿ ಹೊಳೆಯ ಬದಿಯ ಫಲವತ್ತಾದ ಜಮೀನು. ಊರು ಉಳಿಯಿತು, ಊರನ್ನು ಸಾಕಿದ ಹೊಲ ನೀರುಪಾಲಾಯಿತು. ಇದನ್ನು ಯಾವ ಏಜೆಂಟೂ ಹೇಳುವುದಿಲ್ಲ.

ಈ ಕೆರೆಯನ್ನು ನಿಲ್ಲಿಸಿದ ಬ್ಯೂಫರ್ಡ್ ಅಣೆಕಟ್ಟಿನ ಕೆಲಸ 1950ರಲ್ಲಿ ಶುರುವಾಯಿತು. 1954ರಲ್ಲಿ ಸರ್ಕಾರ ಮೊದಲು ಕೊಂಡ ಜಮೀನು, ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ ಎಂಬತ್ತು ದಾಟಿದ ಮುದುಕರೊಬ್ಬರದು. ನೂರು ಎಕರೆಗೆ ಕೊಟ್ಟದ್ದು 4,100 ಡಾಲರ್. ಎಕರೆಗೆ ನಲವತ್ತೊಂದು! ಅಂಥ ನೂರಾರು ಕುಟುಂಬಗಳು ಎದ್ದು ಹೋದವು. ಗೋರಿಗಳನ್ನು ಅಗೆದು ಬೇರೆಡೆ ಸಾಗಿಸಿದರು. 1956ರಲ್ಲಿ ನೀರು ನಿಲ್ಲತೊಡಗಿತು.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ನನ್ನ ಅಮ್ಮನ ತವರು ಶರಾವತಿ ಮುಳುಗಡೆಯದು. ಲಿಂಗನಮಕ್ಕಿಯ ಹಿನ್ನೀರು ನೋಡಿದ ಪ್ರವಾಸಿಗರು “ಎಷ್ಟು ಚಂದ!” ಎಂದಾಗ ಅಮ್ಮ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರ ಅಡಿಕೆ ತೋಟ ಆ ಚಂದದ ಅಡಿಯಲ್ಲಿತ್ತು. “ಇಲ್ಲಿ ಏನೂ ಇರಲಿಲ್ಲ” ಎಂಬ ಮಾತು ಯಾವ ದೇಶದ ನೀರಿನ ದಡದಲ್ಲಿ ಕೇಳಿಬಂದರೂ ನನಗೆ ಮೈ ಉರಿಯುತ್ತದೆ.

ಅಣೆಕಟ್ಟಿನಿಂದ ಅನುಕೂಲವಾಗಲಿಲ್ಲವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಆಯಿತು. ನೆರೆ ತಗ್ಗಿತು, ವಿದ್ಯುತ್ ಬಂತು, ಅಟ್ಲಾಂಟಾ ಕುಡಿಯುವುದು ಇದೇ ನೀರನ್ನು, ನಾನು ಕುಡಿಯುವುದೂ ಇದನ್ನೇ. ಅದಕ್ಕಾಗಿ ಜಮೀನು ಬಿಟ್ಟುಕೊಟ್ಟವರನ್ನು ಇರಲೇ ಇಲ್ಲವೆಂದು ಅಳಿಸಬೇಕೇ? ನೀರು ಕುಡಿದವರೇ ಮೊದಲು ನೆನೆಯಬೇಕಲ್ಲವೇ?

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸುಳ್ಳಿದೆ. ಯೂಟ್ಯೂಬ್ ತೆರೆದರೆ, ಕಪ್ಪು ಜನರ ಆಸ್ಕರ್‌ವಿಲ್ ಊರನ್ನು ಜನರಿದ್ದಂತೆಯೇ ಮುಳುಗಿಸಿದರು, ಆ ಪ್ರೇತಗಳೇ ಈಜುವವರ ಕಾಲೆಳೆಯುತ್ತವೆ ಎಂಬ ಕಥೆ. ನಡೆದದ್ದು ಬೇರೆ, ಅದು ಪ್ರೇತಕ್ಕಿಂತ ಭಯಂಕರ. ಆಸ್ಕರ್‌ವಿಲ್ ಇದ್ದ ಫೋರ್ಸೈತ್ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಸುಮಾರು 1,100 ಕಪ್ಪು ಜನರನ್ನು ಬೆಂಕಿಯಿಟ್ಟು, ಬಂದೂಕು ತೋರಿಸಿ ಓಡಿಸಿದ್ದು 1912ರಲ್ಲಿ. ಓಡಿಸಿದವರು ನೆರೆಹೊರೆಯ ಬಿಳಿಯರೇ. ಎಷ್ಟೋ ಜನ ಹೊಳೆ ದಾಟಿ ಈಚೆಯ ಹಾಲ್ ಕೌಂಟಿಗೆ ಬಂದರು. ನೀರು ಬಂದದ್ದು ನಾಲ್ಕು ದಶಕಗಳ ನಂತರ. ಮನುಷ್ಯರು ಮಾಡಿದ್ದನ್ನು ಕೆರೆಯ ಮೇಲೆ, ದೆವ್ವದ ಮೇಲೆ ಹೊರಿಸಬೇಡಿ. 1987ರಲ್ಲೂ ಅಲ್ಲಿ ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟವರ ಮೇಲೆ ಕಲ್ಲು ಬಿತ್ತು. ಇವತ್ತು ಅದೇ ಫೋರ್ಸೈತ್‌ನಲ್ಲಿ ನಾವು ಗಣೇಶನನ್ನು ಕೂರಿಸುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ. ಮಾಡೋಣ. ಆದರೆ ಕಾಲಿಟ್ಟ ನೆಲದ ಕಥೆ ಗೊತ್ತಿರಲಿ.

ನೆಲವೇ ಸಾಕ್ಷಿ ಹೇಳಿದ್ದೂ ಉಂಟು. 2007ರ ಬರಗಾಲದಲ್ಲಿ ನೀರು ಇಪ್ಪತ್ತು ಅಡಿ ಇಳಿದಾಗ, ಗೇನ್ಸ್‌ವಿಲ್ ಬಳಿ ಮುಳುಗಿದ್ದ ಲೂಪರ್ ಕಾರ್ ರೇಸ್ ಮೈದಾನದ ಕಾಂಕ್ರೀಟ್ ಮೆಟ್ಟಿಲುಗಳು ಹೊರಬಂದವು. ಜನ ಕುಳಿತು ಕೂಗಿದ್ದ ಮೆಟ್ಟಿಲುಗಳು. ಕಾಡಿನಲ್ಲಿ ಯಾರಾದರೂ ಗ್ಯಾಲರಿ ಕಟ್ಟುತ್ತಾರೆಯೇ? ಫ್ಲವರಿ ಬ್ರಾಂಚ್‌ನಲ್ಲಿ ಲೈಟ್ಸ್ ಫೆರಿ ಎಂಬ ರಸ್ತೆಯೇ ಇದೆ; ಫೆರಿ ಎಂದರೆ ದೋಣಿಯ ಕಡವು. ಬರೀ ಕಾಡಾಗಿದ್ದರೆ ದೋಣಿ ಹತ್ತುತ್ತಿದ್ದವರು ಯಾರು?

ದೋಣಿ ಇಳಿಸುವ ಜಾಗಗಳಲ್ಲಿ ಲೈಫ್ ಜಾಕೆಟ್ ಬಗ್ಗೆ, ಮೀನು ಹಿಡಿಯುವ ಬಗ್ಗೆ ಫಲಕಗಳಿವೆ. ಅವುಗಳ ಪಕ್ಕದಲ್ಲಿ ಮುಳುಗಿದ ಕಡವು, ಸೇತುವೆ, ಹೊಲಗಳ ಹೆಸರಿನ ಫಲಕವೂ ಬೇಕೆಂದು ಕೆರೆಯನ್ನು ನೋಡಿಕೊಳ್ಳುವ ಸೇನಾ ಎಂಜಿನಿಯರ್ ವಿಭಾಗಕ್ಕೆ ಪತ್ರ ಬರೆಯುತ್ತಿದ್ದೇನೆ. ಸಹಿ ಹಾಕುವವರು ಮೆಸೇಜ್ ಕಳಿಸಿ. ಭಾನುವಾರ ನನ್ನ ಜೊತೆ ಕುಳಿತಿದ್ದವರ ಸಹಿ ಮೊದಲು ಬರಲಿ.