ತಲೆಕೆಳಗಾಗಿರುವುದು ಜಪಾನಿ ವಾಕ್ಯವಲ್ಲ

ಜಪಾನಿ ಭಾಷೆಯನ್ನು ಗುರುವಿಲ್ಲದೆ ಕಲಿಯಬಯಸುವವರಿಗೆಂದು ಮಾಡಿದ ಪಟ್ಟಿಯೊಂದಕ್ಕೆ ಗೆಳೆಯರೊಬ್ಬರು ಈ ಬೆಳಿಗ್ಗೆ ನನ್ನನ್ನು ಟ್ಯಾಗ್ ಮಾಡಿದ್ದಾರೆ. ಪುಸ್ತಕ, ಆ್ಯಪ್, ವಿಡಿಯೊ ಎಲ್ಲ ಸೇರಿ ಎಪ್ಪತ್ತಕ್ಕೂ ಹೆಚ್ಚು ಹೆಸರುಗಳಿವೆ. ಪಟ್ಟಿಯ ನೆತ್ತಿಯ ಮೇಲೆಯೇ ಎರಡು ಎಚ್ಚರಿಕೆಗಳು: ಈ ಭಾಷೆಗೆ 2,200 ಗಂಟೆ ಬೇಕು, ಮತ್ತು ಇದರ ವಾಕ್ಯರಚನೆ ಸಂಪೂರ್ಣ ತಲೆಕೆಳಗು. ಹಂಚಿಕೊಂಡವರು ಕನ್ನಡಿಗರು, ಅದರ ಕೆಳಗೆ ‘ಅಯ್ಯೋ, ನಮ್ಮಿಂದಾಗದು’ ಎಂದು ಕೈಚೆಲ್ಲಿದವರೂ ಕನ್ನಡಿಗರೇ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಆ 2,200 ಗಂಟೆ ಎಂಬುದು ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳ ತನ್ನ ರಾಜತಾಂತ್ರಿಕರಿಗೆ ಬೇಕಾಗುವ ತರಗತಿಗಳ ಲೆಕ್ಕವಾಗಿ ಕೊಟ್ಟ ಅಂಕಿ. ಇನ್ನೊಬ್ಬರ ಪಾದಕ್ಕೆ ಅಳತೆ ತೆಗೆದ ಚಪ್ಪಲಿ ಮೆಟ್ಟಿ, ಕಾಲು ನೋಯುತ್ತದೆಂದು ನಾವೇಕೆ ಅಳಬೇಕು?

ಇನ್ನು ತಲೆಕೆಳಗಿನ ಮಾತು. ‘ಕಿನೋ ಯೊಂದ ಹೊನ್’ ಎಂದರೆ ‘ನಿನ್ನೆ ಓದಿದ ಪುಸ್ತಕ’. ಪದಕ್ಕೆ ಪದ, ಅದೇ ಸಾಲಿನಲ್ಲಿ. ಇಂಗ್ಲಿಷ್ ಓದುಗರಿಗಾಗಿ ಬರೆದ ಪುಸ್ತಕಗಳು ಇದಕ್ಕೊಂದು ಪಾಠವನ್ನೇ ಮೀಸಲಿಟ್ಟು, ಬಾಣಗಳ ಚಿತ್ರ ಬಿಡಿಸಿ, ಹಿಂದಿನಿಂದ ಮುಂದಕ್ಕೆ ಓದಿರೆಂದು ಉಪದೇಶಿಸುತ್ತವೆ. ‘ಕೈತೆ ಮಿರು’ ಎಂದರೆ ‘ಬರೆದು ನೋಡು’, ‘ಕೈತೆ ಒಕು’ ಎಂದರೆ ‘ಬರೆದಿಡು’. ಇಲ್ಲಿ ‘ಮಿರು’ ಎಂಬುದು ನೋಡುವ ಕ್ರಿಯೆಯೇ, ‘ಒಕು’ ಎಂಬುದು ಇಡುವ ಕ್ರಿಯೆಯೇ. ‘ಕೈತೆ ಶಿಮತ್ತ’ ಎಂಬುದರಲ್ಲಿರುವ ‘ಛೇ, ಬರೆದುಬಿಟ್ಟೆನಲ್ಲ’ ಎಂಬ ಭಾವವನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪುಟ ಬೇಕು. ಕನ್ನಡಕ್ಕೆ ‘ಬಿಡು’ ಒಂದೇ ಸಾಕು. ಆ ಅರ್ಧ ಪುಟವನ್ನು ಮೂರು ಸಲ ಓದಿಯೂ ಅರ್ಥವಾಗದೆ, ನನ್ನ ಬುದ್ಧಿಯನ್ನೇ ಶಂಕಿಸಿಕೊಂಡು ಕುಳಿತ ಸಂಜೆಗಳ ಲೆಕ್ಕ ನನ್ನಲ್ಲಿಲ್ಲ.

ಲಿಪಿಯದ್ದೂ ಇದೇ ಕತೆ. ಪಟ್ಟಿಯ ಅರ್ಧದಷ್ಟು ಸಾಮಗ್ರಿ ಜಪಾನಿಯನ್ನು ರೋಮನ್ ಅಕ್ಷರಗಳಲ್ಲಿ ಕಲಿಸುವಂಥದ್ದು. ಜಪಾನಿಯ ಉಚ್ಚಾರವನ್ನು ಬರೆಯುವ ಲಿಪಿಯಾದ ಹಿರಗಾನದ 46 ಮೂಲಾಕ್ಷರಗಳ ಜೋಡಣೆಯಾದರೋ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಭಾರತದಿಂದ ಹೋದ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ತಲುಪಿದ ಕ್ರಮವಿದು. ನಮ್ಮ ವರ್ಣಮಾಲೆಯ ದಾಯಾದಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಕತ್ತರಿಸಿ. ‘ಒಬಸನ್’ ಅತ್ತೆಯೋ ಚಿಕ್ಕಮ್ಮನೋ ಆದರೆ ‘ಒಬಾಸನ್’ ಅಜ್ಜಿ. ಕತೆಗೂ ಕತ್ತೆಗೂ ಇರುವ ಅಂತರವನ್ನು ಬಾಲ್ಯದಿಂದಲೇ ಬಲ್ಲ ನಾವು ಇದನ್ನು ರೋಮನ್ ಅಕ್ಷರಗಳ ಮಸುಕು ಗಾಜಿನ ಮೂಲಕ ನೋಡಬೇಕಾದ ಕರ್ಮವೇನು? (ನಾನು ನೋಡಿದೆ. ಆರು ತಿಂಗಳು. ಬಳಿಕ ಎಲ್ಲವನ್ನೂ ಅಳಿಸಿ, ಮತ್ತೆ ಮೊದಲಿನಿಂದ ತಿದ್ದಿದೆ.)

ಒಳ್ಳೆಯ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲೇ ಇರುವಾಗ ಮಾಡುವುದೇನು ಎಂದು ಕೇಳುವಿರಿ. ಇಂಗ್ಲಿಷ್ ಪುಸ್ತಕವನ್ನು ಮುಟ್ಟಬೇಡಿ ಎಂದು ನಾನು ಹೇಳಿಲ್ಲ. ಅದರ ಭಯವನ್ನೂ ಜೊತೆಗೆ ಕೊಳ್ಳಬೇಡಿ ಎನ್ನುತ್ತಿದ್ದೇನೆ. ಉದಾಹರಣೆಗಳು ಹೇರಳವಾಗಿದ್ದು ವಿವರಣೆ ಕಡಿಮೆಯಿರುವ ಪುಸ್ತಕವನ್ನು ಆರಿಸಿ. ‘ಮಿನ್ನಾ ನೊ ನಿಹೊಂಗೊ’ದ ಮುಖ್ಯ ಸಂಪುಟ ಪೂರ್ತಿ ಜಪಾನಿಯಲ್ಲಿದೆ, ಅನುವಾದ ಮತ್ತು ವ್ಯಾಕರಣ ಬೇರೆಯ ಸಂಪುಟದಲ್ಲಿವೆ, ಆ ಎರಡನೆಯದನ್ನು ದೂರವಿಟ್ಟು, ಪ್ರತಿ ವಾಕ್ಯವನ್ನೂ ಮೊದಲು ಕನ್ನಡಕ್ಕೆ ತಿರುಗಿಸಿ ನೋಡಿ. ಜಪಾನ್ ಫೌಂಡೇಶನ್ನಿನ ‘ಇರೊದೊರಿ’ ಪಠ್ಯಪುಸ್ತಕ ಧ್ವನಿಯ ಸಮೇತ ಉಚಿತವಾಗಿ ಸಿಗುತ್ತದೆ. ‘ಗೆಂಕಿ’ ಕೆಟ್ಟದ್ದಲ್ಲ, ಆದರೆ ಅದರಲ್ಲಿ ಇಬ್ಬರು ಕುಳಿತು ಮಾಡುವ ಅಭ್ಯಾಸಗಳು ಹಲವಿವೆ. ಒಂಟಿ ಕಲಿಕೆಯವರು ಗೋಡೆಯೊಡನೆ ಮಾತನಾಡಬೇಕಾಗುತ್ತದೆ.

ಇಂಗ್ಲಿಷ್ ನನಗೆ ಮಾಡಿದ ದೊಡ್ಡ ಅವಮಾನವನ್ನೂ ಹೇಳಿಬಿಡುತ್ತೇನೆ. ಪದಪಟ್ಟಿಯಲ್ಲಿ ‘ಅನತ’ ಎಂಬುದಕ್ಕೆ ‘ಯು’ ಎಂದಿತ್ತು. ಆನ್‌ಲೈನ್ ಸಂಭಾಷಣೆಯೊಂದರಲ್ಲಿ ಹಿರಿಯ ಜಪಾನಿ ಮಹಿಳೆಯೊಬ್ಬರನ್ನು ನಾನು ವಾಕ್ಯಕ್ಕೊಮ್ಮೆ ‘ಅನತ’ ಎಂದೇ ಸಂಬೋಧಿಸಿದೆ. ಅವರು ನಕ್ಕು ಸುಮ್ಮನಾದರು. ಹಿರಿಯರನ್ನು ಹಾಗೆ ಕರೆಯುವುದು ಅಲ್ಲಿ ಒರಟು. ಹೆಸರಿಗೆ ‘ಸನ್’ ಸೇರಿಸಬೇಕು, ಇಲ್ಲವೇ ಸರ್ವನಾಮವನ್ನೇ ಬಿಡಬೇಕು. ‘ಯಾವಾಗ ಬಂದಿರಿ?’ ಎಂದು ಕೇಳುವಾಗ ನಾವು ‘ನೀವು’ ಎಂಬುದನ್ನು ಬಿಡುವುದಿಲ್ಲವೇ? ಕನ್ನಡದಲ್ಲಿ ಯೋಚಿಸಿದ್ದರೆ ನನಗೆ ಆ ಪಾಡು ಬರುತ್ತಿರಲಿಲ್ಲ.

ಕನ್ನಡ ನೆರವಿಗೆ ಬಾರದ ಜಾಗಗಳೂ ಇವೆ, ನಿಜ. 2,136 ಜೋಯೋ ಕಾಂಜಿಗಳನ್ನು, ಅಂದರೆ ನಿತ್ಯ ಬಳಕೆಗೆಂದು ಗುರುತಿಸಿದ ಚೀನೀ ಮೂಲದ ಅಕ್ಷರಗಳನ್ನು, ಯಾವ ತಾಯ್ನುಡಿಯೂ ನಮಗಾಗಿ ಬಾಯಿಪಾಠ ಮಾಡಿಕೊಡದು. ಟೋಕಿಯೊ ಮಾತಿನಲ್ಲಿ ‘ಹಶಿ’ಯ ಮೊದಲ ಅಕ್ಷರದಲ್ಲಿ ಸ್ವರ ಏರಿದರೆ ಊಟದ ಕಡ್ಡಿ, ಎರಡನೆಯದರಲ್ಲಿ ಏರಿದರೆ ಸೇತುವೆ, ಇದಕ್ಕೆ ನಮ್ಮ ಕಿವಿ ಪಳಗಿಲ್ಲ. ನಮ್ಮ ಗಂಟೆಗಳು ಸಲ್ಲಬೇಕಾದದ್ದು ಇಲ್ಲಿಗೆ. ಆದ್ದರಿಂದ ಆ ಪಟ್ಟಿಯಲ್ಲಿ ರೋಮನ್ ಲಿಪಿಯದ್ದನ್ನೂ ಧ್ವನಿಯಿಲ್ಲದ್ದನ್ನೂ ಹೊಡೆದುಹಾಕುತ್ತಾ ಹೋದೆ, ಕೊನೆಗೆ ಐದು ಉಳಿದವು. ಗೆಳೆಯರಿಗೆ ಅಷ್ಟನ್ನೇ ಮರಳಿಸಿದ್ದೇನೆ, ಎಚ್ಚರಿಕೆಯ ಆ ಎರಡು ಸಾಲುಗಳನ್ನು ಅಳಿಸಿ.