ಪರ-ವಿರೋಧ: ಗುರಿ ಗೊತ್ತುಮಾಡಿಕೊಂಡೇ ಡಿಗ್ರಿಗೆ ಸೇರಬೇಕಾ?

ಪರ: ಮೊದಲು ‘ವಿದ್ಯಾರ್ಹತೆ’ ಕಾಲಂ ಓದಿ
(ಡಿಗ್ರಿ ಕಾಲೇಜಿನ ಉಪನ್ಯಾಸಕಿ)

‘ಯಾವುದಾದ್ರೂ ಒಂದು ಡಿಗ್ರಿ ಆದ್ರೆ ಸಾಕು ಮೇಡಂ.’ ಅಡ್ಮಿಷನ್ ಸಮಯದಲ್ಲಿ ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಾಕಾಗೋದಿಲ್ಲ.

ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಬೇಕು ಅಂದರೆ ಬಿ.ಇಡಿ. ಒಂದೇ ಸಾಲದು, ಡಿಗ್ರಿಯಲ್ಲಿ ಗಣಿತ ಓದಿರಬೇಕು. ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ತಗೊಂಡವರಿಗೆ ಆ ದಾರಿ ಇಲ್ಲ. ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಬೇಕಾದರೆ ಡಿಗ್ರಿಯಲ್ಲಿ ಫಿಸಿಕ್ಸ್ ಇರಬೇಕು. ಪಿಯುಸಿಯಲ್ಲಿ ಗಣಿತ ಬಿಟ್ಟವರಿಗೆ ಸಿಇಟಿಯಲ್ಲಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಎಂಜಿನಿಯರಿಂಗ್ ರ‍್ಯಾಂಕೇ ಬರೋದಿಲ್ಲ. ಇದೆಲ್ಲ ಗುಟ್ಟೇನಲ್ಲ. ಪ್ರತಿ ನೋಟಿಫಿಕೇಶನ್‌ನಲ್ಲೂ ‘ವಿದ್ಯಾರ್ಹತೆ’ ಅಂತ ಒಂದು ಕಾಲಂ ಇರುತ್ತದೆ. ನಮ್ಮ ಮಕ್ಕಳು ಅದನ್ನು ಓದೋದು ಡಿಗ್ರಿ ಮುಗಿದ ಮೇಲೆ.

ನನ್ನ ಒಬ್ಬ ವಿದ್ಯಾರ್ಥಿ ಇದ್ದ, ಬಾಟನಿಯಲ್ಲಿ ಎಲ್ಲರಿಗಿಂತ ಮುಂದೆ. ಮನೆಯಲ್ಲಿ ರಾಗಿ, ತೊಗರಿ ಬೆಳೆಯುತ್ತಿದ್ದರು. ಕೃಷಿ ಅಧಿಕಾರಿ ಆಗಬೇಕು ಅನ್ನೋದು ಅವನ ಆಸೆ. ಗಿಡಗಳ ಬಗ್ಗೆ ಓದಿದರೆ ಕೃಷಿ ಇಲಾಖೆಗೆ ಹೋಗಬಹುದು ಅಂತ ನಂಬಿ ಬಿ.ಎಸ್ಸಿ.ಗೆ ಸೇರಿದ್ದ. ಆ ಹುದ್ದೆಗೆ ಬೇಕಾಗಿದ್ದು ಬಿ.ಎಸ್ಸಿ. ಅಗ್ರಿ. ಅದು ಕೃಷಿ ವಿಶ್ವವಿದ್ಯಾಲಯದ ಕೋರ್ಸು, ಸೀಟು ಹಂಚೋದು ಸಿಇಟಿ ಮೂಲಕ. ಅದರಲ್ಲಿ ಕೃಷಿಕರ ಮಕ್ಕಳಿಗೆ ಅಂತಲೇ ಬೇರೆ ಕೋಟಾ ಇದೆ. ರೈತನ ಮಗನಿಗೆ ಅದು ಗೊತ್ತಿರಲಿಲ್ಲ! ಅವರ ಪಿಯು ಕಾಲೇಜಿನಲ್ಲಿ ಒಬ್ಬರೂ ಹೇಳಿರಲಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ನೋಟಿಫಿಕೇಶನ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದ. ‘ಮೇಡಂ, ಬಾಟನಿ ನಡೆಯಲ್ವಾ?’ ಅಂತ ಕೇಳಿದ. ನಡೆಯಲ್ಲ ಅಂತ ಹೇಳಬೇಕಾಯಿತು. ಮೂರು ವರ್ಷ ಒಂದು ದಿನವೂ ಕ್ಲಾಸ್ ತಪ್ಪಿಸದ ಹುಡುಗ.

ಸಿಇಟಿ ಆಪ್ಷನ್ ಎಂಟ್ರಿಯ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬೋದರ ಕಥೆ ಬೇರೆ. ಮೇಲಿಂದ ಕೆಳಗಿನವರೆಗೂ ಕಂಪ್ಯೂಟರ್ ಸೈನ್ಸ್ ತುಂಬಿರುತ್ತಾರೆ. ಯಾಕಪ್ಪಾ ಅಂದರೆ ಎಲ್ಲರೂ ಅದನ್ನೇ ಹಾಕಿದ್ದಾರೆ. ಸೀಟು ಸಿಕ್ಕ ಮೇಲೆ ಕೆಇಎ (ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ) ನಾಲ್ಕು ಚಾಯ್ಸ್ ಕೊಡುತ್ತದೆ. ಮೊದಲನೆಯದನ್ನು, ಅಂದರೆ ‘ಈ ಸೀಟೇ ಸಾಕು’ ಅನ್ನೋದನ್ನು ಒತ್ತಿದರೆ ಮುಂದಿನ ರೌಂಡ್ ಮುಗಿದ ಹಾಗೆ. ಅಷ್ಟು ದೊಡ್ಡ ತೀರ್ಮಾನವನ್ನು ಸೈಬರ್ ಸೆಂಟರಿನ ಹುಡುಗನ ಕೈಲಿ ಒತ್ತಿಸುತ್ತಾರೆ.

ಇನ್ನು ವರ್ಷಗಳ ಲೆಕ್ಕ. ನಮ್ಮ ರಾಜ್ಯದಲ್ಲಿ 2021-22ರಲ್ಲಿ 4 ವರ್ಷದ ಆನರ್ಸ್ ಬಂತು. 2024-25ರಿಂದ ಮತ್ತೆ 3 ವರ್ಷದ ಡಿಗ್ರಿ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಎಂ.ಎಸ್.ಗೆ 4 ವರ್ಷದ ಡಿಗ್ರಿ ಕೇಳುತ್ತವೆ. ಅಲ್ಲಿಗೆ ಹೋಗುವ ಆಸೆ ಇದ್ದವರು ಇದನ್ನು ಸೇರುವ ಮುಂಚೆಯೇ ನೋಡಬೇಕು.

17ನೇ ವಯಸ್ಸಿಗೆ ಗುರಿ ಎಲ್ಲಿಂದ ಬರಬೇಕು ಅಂತ ಕೇಳುವವರಿದ್ದಾರೆ. ಯಾವ ಫೋನ್ ಬೇಕು ಅನ್ನೋದು ಮಾತ್ರ ಅದೇ ವಯಸ್ಸಿಗೆ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಸುಮ್ನೆ ನೆಪ. ಕಾಲಂ ಓದಿ, ಆಮೇಲೆ ಫಾರಂ ತುಂಬಿ.

ವಿರೋಧ: ಮೊದಲು ಸೇರಲಿ, ಆಮೇಲೆ ನೋಡೋಣ
(ಖಾಸಗಿ ಕಂಪನಿಯ ಉದ್ಯೋಗಿ)

ವಿರೋಧದ ಕಡೆ ಯಾರೂ ಸಿಗಲಿಲ್ಲ, ನೀವು ಬರೆಯಿರಿ ಅಂದರು. ಬರೆಯುತ್ತಿದ್ದೇನೆ. ಡಾಕ್ಟರು, ಎಂಜಿನಿಯರು ಆಗುವವರ ವಿಷಯ ಬಿಡಿ, ಅವರು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮೇಡಂ ಮಾತು ಕೇಳಿದರೆ ನಾಮಕರಣದ ದಿನವೇ ಕೂಸಿನ ಕೈಗೆ ನೋಟಿಫಿಕೇಶನ್ ಕೊಡಬೇಕಾಗುತ್ತದೆ.

ಐಎಎಸ್, ಕೆಎಎಸ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಬ್ಯಾಂಕಿನ ಪಿಒ (ಪ್ರೊಬೇಷನರಿ ಅಧಿಕಾರಿ) ಪರೀಕ್ಷೆಗೂ ಅಷ್ಟೇ. 3 ವರ್ಷದ ಎಲ್‌ಎಲ್‌ಬಿಗೂ ಅಷ್ಟೇ. ಸಿಎ ಓದಿನ ಮೊದಲ ಪರೀಕ್ಷೆಯಾದ ಫೌಂಡೇಶನ್ ಅನ್ನು ಪಿಯುಸಿ ಮುಗಿಸಿ ಬರೆಯಬಹುದು, ಡಿಗ್ರಿಗೆ ಕಾಯೋದೇ ಬೇಡ.

ನಮ್ಮ ಚಿಕ್ಕಪ್ಪನ ಮಗಳ ವಿಷಯ ಹೇಳುತ್ತೇನೆ. ಸಿಬಿಝಡ್ ಮಾಡಿದವಳು. ಯಾಕೆ ಅಂದರೆ ಬೆಳಗಿನ ಬಸ್ಸು ಆ ಕಾಲೇಜಿನ ಗೇಟಿಗೇ ಹೋಗುತ್ತಿತ್ತು, ಮತ್ತೆ ಅವಳ ಗೆಳತಿ ಅಲ್ಲೇ ಸೇರಿದ್ದಳು. ಗುರಿ ಗಿರಿ ಏನೂ ಇರಲಿಲ್ಲ. ಎರಡನೇ ವರ್ಷ ಕಪ್ಪೆ, ಜಿರಳೆ ಅಂದರೆ ವಾಕರಿಕೆ ಅಂತ ಅಳುತ್ತಿದ್ದಳು. ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಮನೆಯಲ್ಲಿದ್ದಳು. ಮದುವೆ ಮಾತು ಶುರುವಾದಾಗ ಅದನ್ನು ತಪ್ಪಿಸೋಕೆ ಅಂತಲೇ ಬ್ಯಾಂಕ್ ಕೋಚಿಂಗ್ ಸೇರಿದಳು. ಲೆಕ್ಕದಲ್ಲಿ ಇಷ್ಟು ಚುರುಕು ಅಂತ ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೊದಲ ಪೋಸ್ಟಿಂಗ್ ಮಲೆನಾಡಿನ ಒಂದು ಸಣ್ಣ ಶಾಖೆಗೆ. ಅಡಿಕೆ ಬೆಳೆಗಾರರ ಸಾಲ, ಸ್ತ್ರೀಶಕ್ತಿ ಸಂಘಗಳ ಖಾತೆ ಎಲ್ಲ ಅವಳೇ ನೋಡುತ್ತಿದ್ದಳು. ಊರವರು ಇವಳು ಕೌಂಟರಿಗೆ ಬರೋವರೆಗೂ ಬೆಂಚಿನ ಮೇಲೆ ಕಾಯುತ್ತಿದ್ದರಂತೆ. ಚಿಕ್ಕಪ್ಪನಂತೂ ಈ ಕಥೆಯನ್ನು ಪ್ರತಿ ಹಬ್ಬಕ್ಕೂ ಹೇಳುತ್ತಾರೆ.

ಈಗ ಬ್ಯಾಂಕಿನವರ ಜೆಎಐಐಬಿ ಪರೀಕ್ಷೆ ಪಾಸು ಮಾಡಿದ್ದಾಳೆ. ಅದರ ಮುಂದಿನ ಹಂತದ ಸಿಎಐಐಬಿ ಕಟ್ಟುವ ಯೋಚನೆಯಲ್ಲಿದ್ದಾಳೆ. ಈ ಎರಡರಲ್ಲೂ ಝೂವಾಲಜಿಯ ಒಂದೇ ಒಂದು ಪ್ರಶ್ನೆಯೂ ಬರೋದಿಲ್ಲ.