ಸಾವ್ಕಾರ್ರು ಹೂಂ ಅಂದ್ರೆ ಸಾಕಾ?

ಹೋದ ಬೇಸಿಗೆಯಲ್ಲಿ ದಾವಣಗೆರೆಗೆ ಬಂದಿದ್ದಾಗ ಗೆಳೆಯನ ಮಂಡಕ್ಕಿ ಭಟ್ಟಿಯಲ್ಲಿ ಕೂತಿದ್ದೆ. ಯಾವುದೋ ಕಾಲೇಜಿನ ಇಬ್ಬರು ಹುಡುಗರು ಬಂದರು. ಭಟ್ಟಿ ಕೆಲಸಗಾರರ ಬದುಕಿನ ಬಗ್ಗೆ ಸರ್ವೆ ಅಂತೆ. ಗೆಳೆಯ "ಮಾಡ್ಕಳ್ರಿ" ಅಂದ. ಅನುಮತಿಯ ಕೆಲಸ ಅಲ್ಲಿಗೆ ಮುಗಿಯಿತು.

ಬಿಸಿ ಮರಳಲ್ಲಿ ಅಕ್ಕಿ ಹುರಿಯುತ್ತಿದ್ದ ಆಯಮ್ಮನನ್ನು ಕೂಲಿ ಎಷ್ಟು, ಸಾಲ ಎಷ್ಟು ಅಂತ ಕೇಳಿದರು. ಆಯಮ್ಮ ಬಾಯಿ ತೆರೆಯುವ ಮೊದಲು ಪ್ರತಿ ಸಲ ನಮ್ಮ ಕಡೆ ನೋಡುತ್ತಿದ್ದರು. ಕೂಲಿ ಸಾಕಾಗ್ತೈತಾ ಅಂದಿದ್ದಕ್ಕೆ, "ಸಾವ್ಕಾರ್ರು ಚೆನ್ನಾಗಿ ನೋಡ್ಕಂತಾರ್ರೀ" ಅಂದರು. ಹುಡುಗರು ಅದನ್ನೇ ಬರೆದುಕೊಂಡರು.

ನಾನು ಕೆಲಸ ಮಾಡುವುದು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಇಂಥ ಸಂದರ್ಶನಕ್ಕೆ ಹೊರಡುವ ಮೊದಲು ಐಆರ್‌ಬಿ ಅನ್ನೋ, ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವ ಸಮಿತಿಗೆ ಪ್ರಶ್ನೆಗಳನ್ನೆಲ್ಲ ತೋರಿಸಬೇಕು. ಈ ಎಚ್ಚರ ಸುಮ್ನೆ ಬಂದಿದ್ದಲ್ಲ. ಅಮೆರಿಕದ ಟಸ್ಕೀಗಿ ಅನ್ನೋ ಊರಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆಯವರು ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದ್ದ ಬಡ ಕಪ್ಪು ಜನರಿಗೆ ಮದ್ದು ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿದ್ದರು. ಅದನ್ನು ವಾಸಿ ಮಾಡುವ ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅದು ಬಯಲಾದ ಮೇಲೆ 1974ರಲ್ಲಿ ಸಂಶೋಧನೆಗೆ ಒಳಗಾಗುವವರನ್ನು ಕಾಪಾಡಲು ಕಾನೂನು, 1979ರಲ್ಲಿ ಅಂಥ ಸಂಶೋಧನೆಯ ನೀತಿ ಹೇಳುವ ಬೆಲ್ಮಾಂಟ್ ವರದಿ ಬಂತು.

ಹಾಗಂತ ಅಲ್ಲಿನದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಜನರಿಂದ ಸಹಿ ಹಾಕಿಸಿಕೊಳ್ಳುವ ಪುಟಗಟ್ಟಲೆ ಒಪ್ಪಿಗೆ ಪತ್ರ ಓದಿದರೆ, ಇದು ಕಾಪಾಡೋದು ಜನರನ್ನೋ ವಿಶ್ವವಿದ್ಯಾಲಯವನ್ನೋ ಅಂತ ಅನುಮಾನ ಬರುತ್ತೆ. ಅದನ್ನು ಹಾಗೇ ತಂದು ಭಟ್ಟಿ ಮುಂದೆ ಹಿಡಿದರೆ, ಸಹಿ ಅಂದ ಕೂಡಲೇ ಜನ ಹೆದರುತ್ತಾರೆ. ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಂಡವರ ಕಥೆ ಯಾವ ಮನೆಯಲ್ಲಿಲ್ಲ ಹೇಳಿ? ಅಲ್ಲಿನವರಿಗೂ ಇದು ಹೊಳೆದಂತಿದೆ. ಅಲ್ಲಿನ ಸಂಶೋಧನಾ ನಿಯಮಗಳಿಗೆ 2018ರಲ್ಲಿ ಜಾರಿಯಾದ ತಿದ್ದುಪಡಿಯಲ್ಲಿ, ಸಹಿ ಹಾಕುವ ರೂಢಿ ಇಲ್ಲದ ಸಮುದಾಯದಲ್ಲಿ ಅಪಾಯ ಕಡಿಮೆ ಇರುವ ಸಂಶೋಧನೆಯಾದರೆ ಸಹಿ ಬೇಡ ಅನ್ನಲು ದಾರಿ ಇಟ್ಟಿದ್ದಾರೆ.

ನಮ್ಮಲ್ಲೂ ನಿಯಮ ಇಲ್ಲ ಅಂತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಆರೋಗ್ಯದ ಬಗೆಗಿನ ಸಮಾಜ ವಿಜ್ಞಾನ ಸಂಶೋಧನೆಗೇ ಒಂದು ಭಾಗ ಇದೆ. ಊರ ಮುಖ್ಯಸ್ಥರು ಹೂಂ ಅಂದರೂ ಒಬ್ಬೊಬ್ಬರ ಒಪ್ಪಿಗೆಯನ್ನು ಬೇರೆಯಾಗೇ ಪಡೀಬೇಕು ಅಂತಲೂ ಅದು ಹೇಳುತ್ತೆ.

ನನ್ನ ಕೇಳಿದರೆ ಪತ್ರಕ್ಕಿಂತ ಜಾಗ ಮುಖ್ಯ. ಕೆಲಸ ಬಿಟ್ಟ ಮೇಲೆ, ಅವರ ಮನೆ ಕಟ್ಟೆ ಮೇಲೆ ಕೂತು, "ಬೇಡ ಅಂದ್ರೆ ಹೇಳಿಬಿಡ್ರಿ, ಎದ್ದು ಹೋಗ್ತೀವಿ" ಅಂತ ಕೇಳಬೇಕು. ಹೆಸರು ಬರೆಯದಿದ್ದರೆ ಸಾಕು ಅನ್ನೋದೂ ಭ್ರಮೆ. "ಗಂಡ ತೀರಿಕೊಂಡ, ಇಬ್ಬರು ಹೆಣ್ಣುಮಕ್ಕಳ ತಾಯಿ, ಮೂಲೆ ಭಟ್ಟಿ" ಅಂತ ಬರೆದರೆ ಓಣಿಗೆಲ್ಲ ಗೊತ್ತಾಗುತ್ತೆ, ಅಲ್ವಾ?

ಆವತ್ತು ಹುಡುಗರು ಹೊರಟಾಗ ಗೆಳೆಯ ಕೈ ಚಾಚಿ, "ಯಾರ್‍ಯಾರು ಏನೇನಂದ್ರು, ತೋರ್ಸ್ರಿ" ಅಂದ. ಅವರು ಪುಸ್ತಕ ಕೊಟ್ಟೇಬಿಟ್ಟರು. ಅವನು ಒಂದೊಂದೇ ಹಾಳೆ ತಿರುವಿ ಓದಿದ. ನಾನು ಪಕ್ಕದಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆ. ಏನೂ ಹೇಳಲಿಲ್ಲ.